ಮೂರನೆಯ ಪಿಸ್ಟನ್

ಪಶುವೈದ್ಯೆಯ ಕಾರು ಅವತ್ತು ಗ್ಯಾರೇಜಿಗೆ ಬಂದದ್ದು ಲಾರಿಯ ಬೆನ್ನೇರಿ. ಲಾರಿ ಸರಿಯಾಗಿ ನಿಲ್ಲುವ ಮುಂಚೆಯೇ ಡಾಕ್ಟರಮ್ಮ ಬಾಗಿಲು ತೆಗೆದು ಕೆಳಗೆ ಧುಮುಕಿದರು. ಮೊಣಕಾಲುದ್ದದ ರಬ್ಬರ್ ಬೂಟಿನ ತುಂಬ ಒಣಗಿದ ಕೆಸರು. ಅಂಗಿಯ ತೋಳಿನ ಮೇಲೆ ಕಂದು ಬಣ್ಣಕ್ಕೆ ತಿರುಗಿದ ರಕ್ತ. ಎದುರಿಗಿದ್ದ ವೆಲ್ಡರ್ ನಮಸ್ಕಾರ ಅಂದದ್ದು ಅವರ ಕಿವಿಗೇ ಬೀಳಲಿಲ್ಲ.

"ಎಲ್ಲಿ ಚಿಕ್ಕ ಮೇಸ್ತ್ರಿ?"

ಒಂದು ವ್ಯಾನಿನ ಕೆಳಗಿನಿಂದ ಎರಡು ಕಾಲು, ಆಮೇಲೆ ಗ್ರೀಸು ಮೆತ್ತಿದ ಒಂದು ನೀಲಿ ಕೋಟು, ಕೊನೆಗೆ ಹುಬ್ಬು ಗಂಟಿಕ್ಕಿದ ಒಂದು ಮುಖ ಹೊರಬಂತು. ಅವಳೇ ಚಿಕ್ಕ ಮೇಸ್ತ್ರಿ. ನಲವತ್ತು ದಾಟಿದ ಹೆಂಗಸು, ಟೆಕ್ನಿಕಲ್ ಕಾಲೇಜಿನಲ್ಲಿ ಎಂಜಿನ್ನಿನ ಪಾಠ ಓದಿ ಪಾಸಾದವಳು, ಗ್ಯಾರೇಜಿನ ಯಜಮಾನಿಕೆ ಕೈಗೆ ಬಂದು ವರ್ಷಗಳಾಗಿದ್ದವು. ಆದರೂ ಅವಳ ಅಪ್ಪ ದೊಡ್ಡ ಮೇಸ್ತ್ರಿ ಇನ್ನೂ ದಿನಾ ಬಂದು ಗ್ಯಾರೇಜಿನ ಮೂಲೆಯಲ್ಲಿ ಕೂರುತ್ತಿದ್ದುದರಿಂದ ಅವಳು ಎಷ್ಟು ಬೆಳೆದರೂ ಚಿಕ್ಕವಳಾಗಿಯೇ ಉಳಿದಿದ್ದಳು. ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ರಸ್ತೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಅದು ನಿಜವೂ ಆಗಿತ್ತು.

"ಏನಾಯ್ತು ಡಾಕ್ಟರಮ್ಮ?"

"ನೀವು ಹೇಳಿ ಏನಾಯ್ತು ಅಂತ! ನಿಮ್ಮ ಕೈಯಲ್ಲೇ ತಾನೆ ಹೋದ ತಿಂಗಳು ಸರ್ವೀಸ್ ಆಗಿದ್ದು? ಗುಡ್ಡ ಹತ್ತಿಸ್ತಾ ಇದ್ದೆ. ಒಳಗಿಂದ ಯಾರೋ ಸುತ್ತಿಗೆ ತಗೊಂಡು ಹೊಡೆದ ಹಾಗೆ ಎರಡೇಟು. ಆಮೇಲೆ ಗಡಗಡ ನಡುಗ್ತು, ಹಿಂದೆ ನೀಲಿ ಹೊಗೆ, ನಿಂತೇ ಹೋಯ್ತು. ಮೇಲೆ ಒಂದು ಹಸು ಕರು ಹಾಕೋಕೆ ಆಗದೆ ಒದ್ದಾಡ್ತಿತ್ತು. ಬ್ಯಾಗು ಹೊತ್ಕೊಂಡು ನಡ್ಕೊಂಡೇ ಹೋದೆ. ಹೋಗಿ ಮುಟ್ಟೋ ಹೊತ್ತಿಗೆ ಕರು ಹೋಗಿತ್ತು. ತಾಯಿ ನನ್ನ ಕೈಯಲ್ಲೇ ಹೋಯ್ತು."

ಡಾಕ್ಟರಮ್ಮನ ದನಿ ಅಲ್ಲಿಗೆ ಒಡೆಯಿತು. ಅದನ್ನು ತೋರಿಸಿಕೊಳ್ಳಲು ಇಷ್ಟವಿಲ್ಲದೆ ಅವರು ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಂದ ಬಲವಾಗಿ ಬಡಿದರು.

"ಆ ಹಸು ಸಾಕಿದ ಅಜ್ಜಿ ನನಗೆ ಒಂದು ಮಾತೂ ಬೈಲಿಲ್ಲ, ಗೊತ್ತಾ? ಬೈದಿದ್ರೆ ಚೆನ್ನಾಗಿರ್ತಿತ್ತು. ಕೈ ತೊಳಿಯೋಕೆ ಬಿಸಿನೀರು ಕೊಟ್ಟಳು. ಹೊಸ ಕಾರಮ್ಮ ಇದು, ಎರಡು ವರ್ಷ ತುಂಬಿಲ್ಲ. ನನಗೆ ಉತ್ತರ ಬೇಕು."

ಚಿಕ್ಕ ಮೇಸ್ತ್ರಿಗೆ ಉತ್ತರ ಆಗಲೇ ಹೊಳೆದಿತ್ತು. ಹೊಳೆದದ್ದೇ ತಡ ಕಿವಿಯ ತನಕ ಬಿಸಿ ಏರಿತು. ಅವಳು ತಿರುಗಿ ಮೂಲೆಯತ್ತ ನೋಡಿದಳು. ಅಲ್ಲಿ ಹಳೆಯ ಟೈರುಗಳ ಅಟ್ಟಿಯ ಮೇಲೆ ಅಪ್ಪ ಕುಳಿತು ಯಾವುದೋ ಪಂಪಿನ ಕಾರ್ಬ್ಯುರೇಟರನ್ನು ತನ್ನ ಪಾಡಿಗೆ ಬ್ರಷ್ಷಿನಿಂದ ಉಜ್ಜುತ್ತಿದ್ದ.

ಅಪ್ಪ ಮಗಳ ನಡುವೆ ಎಣ್ಣೆಯ ಜಗಳ ಹೊಸದಲ್ಲ. ದೊಡ್ಡ ಮೇಸ್ತ್ರಿಯ ಲೆಕ್ಕದಲ್ಲಿ ಎಂಜಿನ್ ಆಯಿಲ್ ಅಂದರೆ ಇಪ್ಪತ್ತು-ಐವತ್ತರ ದಪ್ಪ ಎಣ್ಣೆ, ಅಷ್ಟೇ. ಚಮಚದಿಂದ ಸುರಿದರೆ ಜೇನಿನ ಹಾಗೆ ಎಳೆಯಾಗಿ ಇಳಿಯಬೇಕು. ಬೆರಳಿಗೆ ಹಚ್ಚಿ ಉಜ್ಜಿದರೆ ಮೆತ್ತಗೆ ನಿಲ್ಲಬೇಕು. ಈಗಿನ ಕಾರುಗಳಿಗೆ ಮಗಳು ಹಾಕುವ ಸೊನ್ನೆ-ಇಪ್ಪತ್ತರ ತೆಳು ಎಣ್ಣೆಯನ್ನು ಕಂಡರೆ ಆತನಿಗೆ ಮೈಯೆಲ್ಲ ಉರಿ. "ಇದೇನು ಎಣ್ಣೆಯೋ, ಯಾರೋ ಕುಡಿದು ಬಿಟ್ಟ ಟೀಯೋ?" ಎನ್ನುತ್ತಿದ್ದ. ಈಗಿನ ಎಂಜಿನ್ನಿನ ಸಂದುಗಳು ಕೂದಲೆಳೆಗಿಂತ ಸಣ್ಣ, ದಪ್ಪ ಎಣ್ಣೆ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಒಳಗಿನ ಟೈಮಿಂಗ್ ಚೈನು ಎಣ್ಣೆಯಿಲ್ಲದೆ ತಿರುಗಿ ಸವೆದಿರುತ್ತದೆ ಎಂದು ಅವಳು ಎಷ್ಟು ಸಲ ಹೇಳಿದರೂ ಆತ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ. ಸುಮ್ಮನಾಗಿದ್ದರೆ ಪರವಾಗಿರಲಿಲ್ಲ. ಕೆಲವು ವಾರಗಳ ಹಿಂದೆ ಅವಳು ಊಟಕ್ಕೆ ಹೋಗಿದ್ದಾಗ ಒಬ್ಬ ಟ್ಯಾಕ್ಸಿಯವನ ಹೊಸ ಕಾರಿನಿಂದ ತೆಳು ಎಣ್ಣೆ ಇಳಿಸಿ ತನ್ನ ದಪ್ಪ ಎಣ್ಣೆ ತುಂಬಿಸಿಬಿಟ್ಟಿದ್ದ. ಮರುದಿನವೇ ಕಾರು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸರಪಳಿ ಎಳೆದಂತೆ ಗರಗರ ಎನ್ನುತ್ತಿದೆ ಎಂದು ಟ್ಯಾಕ್ಸಿಯವನು ತಿರುಗಿ ಬಂದ. ಅವತ್ತು ನಡೆದ ರಂಪ ಇಡೀ ರಸ್ತೆಗೆ ಕೇಳಿಸಿತ್ತು.

ಹಾಗಾಗಿ ಈಗ ಅವಳು ಯೋಚಿಸಲಿಲ್ಲ.

"ಅಪ್ಪ! ಇದಕ್ಕೂ ಕೈ ಹಾಕಿದ್ಯಾ?"

ಅಪ್ಪ ತಲೆ ಎತ್ತಿದ. "ಯಾವುದಕ್ಕೆ?"

"ಡಾಕ್ಟರಮ್ಮನ ಕಾರಿಗೆ. ಹಾಕಿದ್ದೀಯ ತಾನೆ ನಿನ್ನ ಜೇನುತುಪ್ಪ?"

"ನಾನು ಆ ಗಾಡಿ ಮುಟ್ಟಿಲ್ಲ."

"ಟ್ಯಾಕ್ಸಿಯವನ ಗಾಡೀನೂ ಮುಟ್ಟಿಲ್ಲ ಅಂದಿದ್ದೆ ಮೊದಲು! ನಿನ್ನ ಹಟಕ್ಕೆ ಎರಡು ಜೀವ ಹೋಯ್ತು, ಕೇಳಿಸ್ತಾ? ನಿನ್ನ ಕಾಲ ಮುಗಿದಿದೆ ಅಪ್ಪ. ನಿನ್ನ ವಿದ್ಯೆ ಆ ಪಂಪಿನ ಜೊತೆಗೇ ಮುಗೀತು. ಇಲ್ಲಿ ಕೂತ್ಕೊಂಡು ನನ್ನ ಹೆಸರು ಯಾಕೆ ಹಾಳು ಮಾಡ್ತೀಯ? ಮನೇಲಿ ಇರೋಕೆ ಏನು ಕಷ್ಟ ನಿನಗೆ?"

ವೆಲ್ಡರ್ ನೆಲ ನೋಡಿದ. ಲಾರಿಯವನು ಸುಮ್ಮನೆ ಹಗ್ಗ ಬಿಚ್ಚತೊಡಗಿದ. ಪಕ್ಕದ ಬಿಡಿಭಾಗದ ಅಂಗಡಿಯವನು ಬಾಗಿಲಿಗೆ ಬಂದು ನಿಂತವನು ನಿಂತೇ ಇದ್ದ. ಡಾಕ್ಟರಮ್ಮ ಕೂಡ ತಮ್ಮ ಸಿಟ್ಟು ಮರೆತು ಒಂದು ಹೆಜ್ಜೆ ಹಿಂದೆ ಸರಿದರು.

ದೊಡ್ಡ ಮೇಸ್ತ್ರಿ ಕಾರ್ಬ್ಯುರೇಟರನ್ನು ಮೆಲ್ಲಗೆ ಕೆಳಗಿಟ್ಟ. ಬ್ರಷ್ಷು ತೊಳೆದ. ಕೈ ಒರೆಸಿಕೊಂಡ, ಬೆರಳು ಬೆರಳೂ ಬಿಡದೆ. ಆಮೇಲೆ ಮಗಳ ಮುಂದೆಯೇ ಹಾದು, ಅವಳ ಕಡೆ ತಿರುಗಿಯೂ ನೋಡದೆ, ಗೇಟು ದಾಟಿ ಹೋದ.

ಸಿಟ್ಟು ಇಳಿಯದ ಕೈಯಲ್ಲೇ ಅವಳು ಕಾರನ್ನು ಲಿಫ್ಟಿಗೆ ಏರಿಸಿದಳು. ಕೆಳಗೆ ಟ್ರೇ ಇಟ್ಟು ಡ್ರೈನ್ ಬೋಲ್ಟ್ ಸಡಿಲಿಸಿದಳು. ದಪ್ಪ ಎಣ್ಣೆ ಎಳೆಎಳೆಯಾಗಿ ಇಳಿಯುತ್ತದೆ, ಅದನ್ನು ಡಾಕ್ಟರಮ್ಮನಿಗೆ ತೋರಿಸಿ 'ನೋಡಿ' ಅನ್ನಬೇಕು ಎಂದುಕೊಂಡಿದ್ದಳು. ಬೋಲ್ಟು ಕಳಚಿದ್ದೇ ತಡ, ಎಣ್ಣೆ ನೀರಿನ ಹಾಗೆ ಸರ್ರನೆ ಹಾರಿ ಟ್ರೇಯ ಆಚೆ ಅಂಚಿಗೆ ಬಡಿಯಿತು.

ತೆಳು. ಸೊನ್ನೆ-ಇಪ್ಪತ್ತು. ಅವಳೇ ತನ್ನ ಕೈಯಾರೆ ತುಂಬಿದ್ದು.

"ಇದು ದಪ್ಪ ಎಣ್ಣೆನಾ?" ಎಂದರು ಡಾಕ್ಟರಮ್ಮ.

"ಅಲ್ಲ."

"ಮತ್ತೆ ಆ ಯಜಮಾನರಿಗೆ ಯಾಕೆ ಹಾಗೆಲ್ಲ ಅಂದ್ರಿ?"

ಚಿಕ್ಕ ಮೇಸ್ತ್ರಿ ಸ್ಪ್ಯಾನರು ತೆಗೆದುಕೊಂಡು ಎಂಜಿನ್ ಬಿಚ್ಚತೊಡಗಿದಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಿಲಿಂಡರ್ ಹೆಡ್ ತೆಗೆದು, ಆಮೇಲೆ ಪಿಸ್ಟನ್ನುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರಲ್ಲಿ ಎರಡು ರಿಂಗುಗಳ ನಡುವಿನ ಲೋಹದ ಏಣು ಬಿಸ್ಕತ್ತು ಮುರಿದ ಹಾಗೆ ಮುರಿದಿತ್ತು. ಸುಟ್ಟಿಲ್ಲ, ಸವೆದಿಲ್ಲ. ಹೊಡೆತಕ್ಕೆ ಮುರಿದದ್ದು.

ಅದೇನೆಂದು ಅವಳಿಗೆ ಗೊತ್ತಿತ್ತು. ಸಣ್ಣ ಟರ್ಬೊ ಎಂಜಿನ್ನುಗಳ ರೋಗ. ನಿಧಾನ ವೇಗದಲ್ಲಿ ಎಂಜಿನ್ನಿಗೆ ಭಾರ ಬಿದ್ದಾಗ, ಗುಡ್ಡ ಹತ್ತುವಾಗ, ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಹನಿ ಪೆಟ್ರೋಲಿನೊಂದಿಗೆ ಬೆರೆತು, ಪ್ಲಗ್ಗು ಕಿಡಿ ಹಾರಿಸುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಅದರ ನೆತ್ತಿಗೆ ಏಟು. ಇದನ್ನು ತಡೆಯಲೆಂದೇ ಎಣ್ಣೆಯ ಹೊಸ ದರ್ಜೆ ಬಂದದ್ದು. ಹಳೆಯ ದರ್ಜೆ ಎಸ್‌ಎನ್, ಹೊಸದು ಎಸ್‌ಪಿ. ಎರಡೂ ಅಷ್ಟೇ ತೆಳುವಾಗಿರಬಹುದು, ಬಣ್ಣವೂ ಒಂದೇ ಇರಬಹುದು. ಆದರೆ ಹೊಸ ದರ್ಜೆಯ ಮುದ್ರೆ ಬೀಳಬೇಕಾದರೆ ಎಣ್ಣೆಯನ್ನು ಎಂಜಿನ್ನಿನಲ್ಲಿ ಓಡಿಸಿ, ಈ ಅಕಾಲದ ಹೊಡೆತ ಎಷ್ಟು ಸಲ ಬರುತ್ತದೆ, ಟೈಮಿಂಗ್ ಚೈನು ಎಷ್ಟು ಸವೆಯುತ್ತದೆ ಎಂದು ಪರೀಕ್ಷೆ ಮಾಡಿ ಪಾಸು ಮಾಡಿರಬೇಕು. ಹಳೆಯ ದರ್ಜೆಗೆ ಆ ಎರಡು ಪರೀಕ್ಷೆಗಳೇ ಇರಲಿಲ್ಲ.

ಆದರೆ ಅವಳು ತುಂಬಿದ್ದು ಹೊಸ ದರ್ಜೆಯದೇ. ಡಬ್ಬಿಯ ಮೇಲೆ ಹಾಗೇ ಅಚ್ಚಾಗಿತ್ತು. ತಂದುಕೊಟ್ಟದ್ದು ಸೋದರಮಾವ.

ಅಲ್ಲಿಗೆ ಬಂದು ಅವಳ ಯೋಚನೆ ನಿಂತಿತು. ಮುಂದಕ್ಕೆ ಹೋಗಲು ಅದಕ್ಕೆ ಇಷ್ಟವಿರಲಿಲ್ಲ.

ಎಣ್ಣೆಯ ಈ ಅಕ್ಷರಗಳನ್ನು, ಅಂಕಿಗಳನ್ನು ಮೊದಲು ಬಿಡಿಸಿ ಹೇಳಿಕೊಟ್ಟವನೇ ಆ ಮಾವ. ಅಮ್ಮನ ತಮ್ಮ. ಊರಿಗೆಲ್ಲ ಎಣ್ಣೆ ಒದಗಿಸುವ ವ್ಯಾಪಾರಿ. ಮಾತಾಡಿದರೆ ಬೆಣ್ಣೆ ಸವರಿದಂತೆ, ನಕ್ಕರೆ ಎದುರಿದ್ದವರಿಗೂ ನಗು. ಹುಡುಗಿಯೊಬ್ಬಳು ಟೆಕ್ನಿಕಲ್ ಕಾಲೇಜು ಸೇರುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಮುಖ ಸಿಂಡರಿಸಿದ್ದರೆ, ಮಾವ ಒಬ್ಬನೇ "ನಮ್ಮ ಸೊಸೆ ಎಂಜಿನ್ ಬಿಚ್ಚಿದರೆ ಯಾರ ಗಂಟೇನು ಹೋಗುತ್ತೆ?" ಎಂದು ಅವಳ ಪರ ನಿಂತಿದ್ದ. ದಪ್ಪ ತೆಳುವಿನ ಜಗಳದಲ್ಲೂ ಅವನು ಅವಳ ಪಕ್ಷವೇ. "ಭಾವ, ಲೋಕ ಮುಂದೆ ಹೋಗಿದೆ, ನೀವು ಹಿಂದಿನ ಸೀಟಲ್ಲೇ ಕೂತಿದ್ದೀರಿ" ಎಂದು ಅಪ್ಪನನ್ನು ರೇಗಿಸುತ್ತಿದ್ದ. ಅಪ್ಪ ಮಾತ್ರ ಅವನು ಹೋದ ಮೇಲೆ "ಅಷ್ಟು ನುಣ್ಣಗಿರೋನ ಕೈಯಿಂದ ಏನು ತಗೊಂಡರೂ ಜಾರುತ್ತೆ" ಎಂದು ಗೊಣಗುತ್ತಿದ್ದ. ಅದು ಬರೀ ಹೊಟ್ಟೆಕಿಚ್ಚು ಎಂದು ಅವಳು ತಿಳಿದಿದ್ದಳು.

ಮರುದಿನ ಅವಳು ಎರಡು ಶೀಶೆ ಕಟ್ಟಿಕೊಂಡು ಕಾಲೇಜಿನ ಲ್ಯಾಬಿಗೆ ಹೋದಳು. ಒಂದರಲ್ಲಿ ಕಾರಿನಿಂದ ಇಳಿಸಿದ ಎಣ್ಣೆ. ಇನ್ನೊಂದರಲ್ಲಿ ಮಾವ ಕಳಿಸಿದ್ದ, ಸೀಲು ಒಡೆಯದ ಡಬ್ಬಿಯಿಂದ ತೆಗೆದದ್ದು. ಲ್ಯಾಬಿನಲ್ಲಿ ಅವಳ ಜೊತೆ ಓದಿದ ಗೆಳತಿಯೇ ಇದ್ದಳು. ಎಣ್ಣೆಯನ್ನು ಮಿಷನ್ನಿಗೆ ಕೊಟ್ಟು, ಹೊಸ ದರ್ಜೆಯ ಅಸಲಿ ಎಣ್ಣೆಯ ಜೊತೆ ಹೋಲಿಸಿ ನೋಡಿ, ಗೆಳತಿ ಕನ್ನಡಕ ಹಣೆಗೇರಿಸಿದಳು.

"ಯಾರು ಕೊಟ್ಟರೇ ಇದನ್ನ ನಿನಗೆ?"

"ಮೊದಲು ಏನಾಗಿದೆ ಹೇಳು."

"ತೆಳುವಿನ ಲೆಕ್ಕದಲ್ಲಿ ತಪ್ಪಿಲ್ಲ, ಸೊನ್ನೆ-ಇಪ್ಪತ್ತೇ. ಒಳಗಿನ ಮದ್ದು ಬೇರೆ. ಎಂಜಿನ್ ಶುಚಿಯಾಗಿಡೋಕೆ ಕ್ಯಾಲ್ಸಿಯಂ ಹಾಕ್ತಾರಲ್ಲ, ಟರ್ಬೊ ಎಂಜಿನ್ನಿಗೆ ಅದೇ ಜಾಸ್ತಿ ಆದರೆ ಆ ಹೊಡೆತ ಬರೋದು. ಅದಕ್ಕೇ ಹೊಸದರಲ್ಲಿ ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಸೇರಿಸಿರ್ತಾರೆ. ಇದರಲ್ಲಿ ಕ್ಯಾಲ್ಸಿಯಂ ಧಾರಾಳ, ಮೆಗ್ನೀಸಿಯಂ ಹೆಸರಿಗೂ ಇಲ್ಲ. ಎರಡು ಶೀಶೇನೂ ಹಾಗೇ ಇದೆ. ಹಳೇ ಪಾಕ ಕಣೇ ಇದು, ಹೊಸ ಡಬ್ಬಿಗೆ ತುಂಬಿದ್ದಾರೆ."

ಚಿಕ್ಕ ಮೇಸ್ತ್ರಿ ಲ್ಯಾಬಿನ ಮೆಟ್ಟಿಲಿಳಿದಳು. ಎಲ್ಲರೆದುರು ಅಪ್ಪನಿಗೆ ಅಂದ ಮಾತುಗಳು ಒಂದೊಂದಾಗಿ ತಿರುಗಿ ಬಂದು ಕಪಾಳಕ್ಕೆ ಬಿದ್ದವು. ಅಪ್ಪನ ಬಳಿ ಹೋಗಬೇಕಿತ್ತು. ಆದರೆ ಸಿಟ್ಟು ಅವಳನ್ನು ಮೊದಲು ಬೇರೆ ಕಡೆಗೆ ಎಳೆಯಿತು.

ಡಾಕ್ಟರಮ್ಮನಿಗೆ ಫೋನು ಮಾಡಿದಳು. "ಉತ್ತರ ಕೇಳಿದ್ರಲ್ಲ, ಬನ್ನಿ ನನ್ನ ಜೊತೆ."

ಮಾವನ ಗೋಡೌನು ರೈಲು ಹಳಿಯ ಪಕ್ಕದ ಉದ್ದನೆಯ ತಗಡಿನ ಶೆಡ್ಡು. ಒಳಗೆ ಎದೆಯೆತ್ತರದ ಡ್ರಮ್ಮುಗಳ ಸಾಲು, ಒಂದು ಮಗ್ಗುಲಿಗೆ ಖಾಲಿ ಡಬ್ಬಿಗಳ ಗುಡ್ಡೆ, ಮೂಗಿಗೆ ಅಂಟುವ ಜಿಡ್ಡಿನ ವಾಸನೆ. ಬಾಗಿಲ ಹತ್ತಿರದ ಗಾಜಿನ ಕೋಣೆಯಲ್ಲಿ ಮಾವ ಫ್ಯಾನಿನ ಕೆಳಗೆ ಕೂತಿದ್ದ. ಇಬ್ಬರನ್ನೂ ಕಂಡು ಎದ್ದು ನಿಂತ.

"ಏನಮ್ಮಾ ಸೊಸೆ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಏನು ತರಿಸಲಿ?"

"ಕೂರೋಕೆ ಬಂದಿಲ್ಲ ಮಾವ." ಅವಳು ಮುರಿದ ಪಿಸ್ಟನ್ನನ್ನು ಬಟ್ಟೆಯಿಂದ ಬಿಚ್ಚಿ ಅವನ ಮೇಜಿನ ಗಾಜಿನ ಮೇಲೆ ಠಕ್ಕೆಂದು ಇಟ್ಟಳು. "ಇದನ್ನ ನೋಡಿ."

ಮಾವ ನೋಡಿದ. ಕೈಗೆತ್ತಿಕೊಂಡು ತಿರುಗಿಸಿ, ಬೆಳಕಿಗೆ ಹಿಡಿದ. "ಅಯ್ಯೋ ಪಾಪ. ಇವರ ಗಾಡಿದಾ? ಏನು ಮಾಡೋದು ಡಾಕ್ಟರಮ್ಮ, ಈಗಿನ ಎಂಜಿನ್ನುಗಳೇ ಹೀಗೆ. ಸಕ್ಕರೆ ಗೊಂಬೆ. ಗುಡ್ಡ ಹತ್ತುವಾಗ ದೊಡ್ಡ ಗೇರಲ್ಲೇ ಎಳೆದಿರ್ತೀರಿ. ಗೇರು ಇಳಿಸಬೇಕಿತ್ತು."

ಡಾಕ್ಟರಮ್ಮನ ಮುಖ ಕೆಂಪಾಯಿತು. "ನಾನು ಇಪ್ಪತ್ತು ವರ್ಷದಿಂದ ಅದೇ ಗುಡ್ಡ ಹತ್ತಿಸ್ತಾ ಇದ್ದೀನಿ."

"ಗೇರಿನ ಮಾತು ಬಿಡಿ ಮಾವ," ಎಂದಳು ಚಿಕ್ಕ ಮೇಸ್ತ್ರಿ. "ದೊಡ್ಡ ಗೇರಲ್ಲಿ ಎಳೆದರೂ ಈ ಹೊಡೆತ ಬರಬಾರದು ಅಂತಾನೇ ಹೊಸ ದರ್ಜೆ ಮಾಡಿರೋದು. ಹಾಗಂತ ನನಗೆ ಹೇಳಿಕೊಟ್ಟೋರೇ ನೀವು. ನೀವು ಕಳಿಸಿದ ಡಬ್ಬಿ ಲ್ಯಾಬಿಗೆ ಕೊಟ್ಟಿದ್ದೆ. ಒಳಗಿರೋದು ಹಳೇದು."

ಮಾವನ ನಗು ತುಟಿಯ ಮೇಲೆ ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಇಳಿದು ಹೋಯಿತು. ಅವನು ಎದ್ದು ಗಾಜಿನ ಬಾಗಿಲು ಮುಚ್ಚಿದ.

"ನೋಡು ಸೊಸೆ, ಮನೆಯವಳು ನೀನು, ನಿನ್ನ ಹತ್ತಿರ ಮುಚ್ಚುಮರೆ ಏನು? ಹೊಸ ದರ್ಜೆ ಬಂದ ಮೇಲೆ ಹಳೇ ಸರಕು ರಾಶಿ ಬಿತ್ತು, ಕೇಳೋರಿಲ್ಲ. ಹಳೇದು ಅಂದ್ರೆ ವಿಷಾನಾ? ನಿನ್ನೆ ಮೊನ್ನೆ ತನಕ ಇಡೀ ಲೋಕ ಅದೇ ಹಾಕ್ಕೊಂಡು ಓಡಾಡ್ತಿರಲಿಲ್ವಾ? ಅಷ್ಟೇ ತೆಳು, ಅದೇ ಬಣ್ಣ, ಅದೇ ವಾಸನೆ. ಒಂದಕ್ಷರ ಬೇರೆ. ಒಂದಕ್ಷರಕ್ಕೆ ಇಷ್ಟು ರಾದ್ಧಾಂತವಾ?"

"ಹಳೇದು ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ಹಳೇದು ಅಂತ ಬರೆದು ಮಾರಿ. ಹಳೇ ಗಾಡಿಗಳಿಗೆ ನಾನೇ ತಗೊಂಡು ಹಾಕ್ತೀನಿ. ಹೊಸದು ಅಂತ ಯಾಕೆ ಅಚ್ಚು ಹಾಕಿದ್ರಿ? ನಾನು ನನ್ನ ಬಾಯಾರೆ ಜನಕ್ಕೆ ಹೇಳಿದೆ, ಇದು ಹಾಕಿದರೆ ನಿಮ್ಮ ಎಂಜಿನ್ನಿಗೆ ಭಯ ಇಲ್ಲ ಅಂತ. ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಿ."

"ಸ್ವಲ್ಪ ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ?" ಅವಳು ಬಾಗಿಲನ್ನು ಮತ್ತೆ ತೆರೆದಿಟ್ಟಳು. ಹೊರಗೆ ಡ್ರಮ್ಮು ಉರುಳಿಸುತ್ತಿದ್ದ ಇಬ್ಬರು ಕೆಲಸ ನಿಲ್ಲಿಸಿದರು. ಶೆಡ್ಡಿನ ಬಾಗಿಲಲ್ಲಿ ಮಾವನ ಬಿಳಿ ಕಾರು ನೆರಳಿಗೆ ನಿಂತಿತ್ತು. ಹೊಸದು, ಅದರದ್ದೂ ಟರ್ಬೊ ಎಂಜಿನ್ನೇ. ಅದರ ಮೇಲೆ ಅವಳ ಕಣ್ಣು ಬಿತ್ತು. ಡಬ್ಬಿಗಳ ಗುಡ್ಡೆಯ ಪಕ್ಕದಿಂದ ಒಂದು ತುಂಬಿದ ಡಬ್ಬಿ ಎತ್ತಿಕೊಂಡು ಅವಳು ನೆಟ್ಟಗೆ ಕಾರಿನ ಬಳಿಗೆ ನಡೆದಳು.

"ಬನ್ನಿ ಮಾವ, ಬಾನೆಟ್ ತೆಗೀರಿ. ಒಂದಕ್ಷರದ ವ್ಯತ್ಯಾಸ ತಾನೆ? ನಿಮ್ಮ ಗಾಡಿಯ ಎಣ್ಣೆ ಇಳಿಸಿ ಇದನ್ನ ತುಂಬ್ತೀನಿ, ಈಗಲೇ, ಬಿಟ್ಟಿಯಾಗಿ. ನಾಳೆ ಡಾಕ್ಟರಮ್ಮನ ಗುಡ್ಡ ಹತ್ತಿಸಿ. ದೊಡ್ಡ ಗೇರಲ್ಲೇ."

ಮಾವ ಓಡಿಬಂದು ಕಾರಿಗೂ ಅವಳಿಗೂ ನಡುವೆ ನಿಂತ. ಅಷ್ಟು ದಪ್ಪ ಮನುಷ್ಯ ಅಷ್ಟು ಬೇಗ ಓಡುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ. "ಏಯ್, ಬೇಡ! ಅದಕ್ಕೆ ಅಲ್ಲ ಅದು!"

ಹೇಳಿದ ಮೇಲೆ ತಾನು ಏನು ಹೇಳಿದೆ ಎನ್ನುವುದು ಅವನಿಗೇ ಕೇಳಿಸಿತು. ಡ್ರಮ್ಮು ಉರುಳಿಸುವವರಲ್ಲಿ ಒಬ್ಬ ಮುಖ ಆಚೆ ತಿರುಗಿಸಿಕೊಂಡ.

"ಮತ್ತೆ ಯಾರದಕ್ಕೆ?" ಎಂದರು ಡಾಕ್ಟರಮ್ಮ. ಅವರು ಕೂಗಲಿಲ್ಲ. "ನಿಮ್ಮ ಗಾಡಿಗೆ ಆಗಲ್ಲ, ನನ್ನದಕ್ಕೆ ಆಗುತ್ತೆ. ಆ ಹಸು ಸಾಯೋವಾಗ ಎಷ್ಟು ಹೊತ್ತು ಕೂಗ್ತು ಅಂತ ನಿಮಗೆ ಹೇಳಲಾ?"

ಮಾವ ಅವರತ್ತ ನೋಡಲಿಲ್ಲ. ಸೊಸೆಯ ಕೈ ಹಿಡಿಯಲು ಬಂದ. "ಪುಟ್ಟಿ, ನಿಮ್ಮಮ್ಮ ಇದ್ದಿದ್ರೆ ಹೀಗೆ ಮಾತಾಡೋಕೆ ಬಿಡ್ತಿದ್ಲಾ? ನಿನ್ನ ಓದಿಗೆ ನಿಂತೋನು ನಾನು. ಅದನ್ನೆಲ್ಲ ಮರೆತುಬಿಟ್ಯಾ?"

"ಮರೆತಿಲ್ಲ." ಅವಳು ಕೈ ಕೊಸರಿಕೊಂಡಳು. "ಮರೆತಿದ್ರೆ ಇಷ್ಟು ಸಂಕಟ ಆಗ್ತಿರಲಿಲ್ಲ. ಯಾರೋ ಊರವನು ಮೋಸ ಮಾಡಿದ ಅಂತ ಎರಡು ಬೈದು ಹೋಗ್ತಿದ್ದೆ. ನಿಮ್ಮನ್ನ ನಂಬಿ ನಾನು ಅಪ್ಪನ್ನ ಬೀದಿಗೆ ಹಾಕಿದೆ ಮಾವ."

ಅವಳು ಡಬ್ಬಿಯನ್ನು ಬಿಡದೆ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಅಲ್ಲಿಂದ ಡಾಕ್ಟರಮ್ಮನೊಂದಿಗೆ ನೇರವಾಗಿ ಹೋದದ್ದು ಸರಕಿನ ಗುಣಮಟ್ಟ ನೋಡುವ ಕಚೇರಿಗೆ. ಅಲ್ಲಿನ ಅಧಿಕಾರಿ ಆಕಳಿಸುತ್ತ "ಮನೆಯ ಜಗಳ ಮನೆಯಲ್ಲೇ ಮುಗಿಸಿಕೊಳ್ಳಬಾರದಾ?" ಎಂದ. ಡಾಕ್ಟರಮ್ಮ ಮೇಜಿನ ಮೇಲೆ ಎರಡೂ ಕೈ ಊರಿ ನಿಂತು, ಗೋಡೌನು ನೋಡದ ಹೊರತು ತಾವು ಇಲ್ಲಿಂದ ಕದಲುವುದಿಲ್ಲ ಎಂದರು. ಆ ಬೂಟಿನ ವಾಸನೆಗೋ ಮಾತಿನ ಬಿಸಿಗೋ ಅಧಿಕಾರಿ ಎದ್ದ. ಆ ವಾರವೇ ಗೋಡೌನಿನ ಬಾಗಿಲಿಗೆ ಸೀಲು ಬಿತ್ತು.

ಗ್ಯಾರೇಜಿನಲ್ಲಿ ಇನ್ನೊಂದು ಕೆಲಸ ಬಾಕಿಯಿತ್ತು. ಆ ಎಣ್ಣೆ ತುಂಬಿಸಿಕೊಂಡು ಹೋಗಿದ್ದ ಪ್ರತಿಯೊಬ್ಬರಿಗೂ ಅವಳೇ ಫೋನು ಮಾಡಿದಳು. "ನಾನು ಹಾಕಿದ ಎಣ್ಣೆ ಸರಿಯಿಲ್ಲ, ಗಾಡಿ ತಂದು ನಿಲ್ಲಿಸಿ, ಇಳಿಸಿ ಬೇರೆ ತುಂಬಿಕೊಡ್ತೀನಿ." ಕೆಲವರು ಒಳ್ಳೇದಾಯ್ತು ಹೇಳಿದ್ದು ಅಂದರು. ಕೆಲವರು ಬಾಯಿಗೆ ಬಂದಂತೆ ಬೈದರು. ಮಾವನೂ ಸೊಸೆಯೂ ಸೇರಿ ಆಡಿದ ಆಟ ಎಂದವರೂ ಇದ್ದರು. ಅವಳು ಬೈಸಿಕೊಂಡಳು. ಅತ್ತೆ, ಅಂದರೆ ಮಾವನ ಹೆಂಡತಿ, ಒಂದು ಬೆಳಿಗ್ಗೆ ಗ್ಯಾರೇಜಿನ ಮುಂದೆ ಬಂದು ನಿಂತು, "ನಮ್ಮ ಮನೆಗೆ ಬೆಂಕಿ ಇಟ್ಟೆಯಲ್ಲೇ! ನಿನ್ನ ಮುಖ ನೋಡಲ್ಲ ಇನ್ನು" ಎಂದು ಕೂಗಾಡಿ ಹೋದಳು. ಚಿಕ್ಕ ಮೇಸ್ತ್ರಿ ಲಿಫ್ಟಿನ ಕೆಳಗೆ ನಿಂತು ಎಣ್ಣೆ ಇಳಿಸುತ್ತಲೇ ಇದ್ದಳು.

ಇಷ್ಟೂ ದಿನ ಅಪ್ಪ ಗ್ಯಾರೇಜಿಗೆ ಬಂದಿರಲಿಲ್ಲ. ಮನೆಯಲ್ಲಿ ಒಂದೇ ಸೂರಿನ ಕೆಳಗಿದ್ದರೂ ಅವಳು ಏಳುವ ಮೊದಲೇ ಹೊರಟು, ಅವಳು ಮಲಗುವ ಕೋಣೆಗೆ ಹೋದ ಮೇಲೆ ತಟ್ಟೆ ಹಾಕಿಕೊಳ್ಳುತ್ತಿದ್ದ. ಎಲ್ಲಿಗೆ ಹೋಗುತ್ತಾನೆಂದು ವೆಲ್ಡರಿಗೆ ಗೊತ್ತಿತ್ತು: ನದಿಯ ದಡದಲ್ಲಿ ದೋಣಿ ರಿಪೇರಿ ಮಾಡುವವರ ಬಳಿಗೆ.

ಅವಳು ಹೋದಾಗ ಅಪ್ಪ ಮಗುಚಿಟ್ಟ ಒಂದು ದೋಣಿಗೆ ಬೆನ್ನು ಕೊಟ್ಟು ಹಳೆಯ ಡೀಸೆಲ್ ಎಂಜಿನ್ನಿಗೆ ಎಣ್ಣೆ ಹೊಯ್ಯುತ್ತಿದ್ದ. ಎಣ್ಣೆ ಬಿಸಿಲಿಗೆ ಹೊಳೆಯುತ್ತ ದಪ್ಪ ಎಳೆಯಾಗಿ ಇಳಿಯುತ್ತಿತ್ತು. ಆ ಎಂಜಿನ್ನಿಗೆ ಸರಿಯಾದದ್ದು ಅದೇ.

"ಅಪ್ಪ."

ಅಪ್ಪ ಎಣ್ಣೆ ಹೊಯ್ಯುತ್ತಲೇ ಇದ್ದ.

"ತಪ್ಪಾಯ್ತು ಅಪ್ಪ. ನೀನು ಮುಟ್ಟಿರಲಿಲ್ಲ."

"ಅದು ನನಗೆ ಅವತ್ತೇ ಗೊತ್ತಿತ್ತು," ಎಂದ ಅಪ್ಪ. "ಹೊಸ ಸುದ್ದಿ ಏನಾದ್ರೂ ಇದ್ರೆ ಹೇಳು."

"ಮಾವ ಮೋಸ ಮಾಡಿದ. ನೀನು ಅವನ ಬಗ್ಗೆ ಹೇಳಿದ್ದು ಸರಿ."

"ನಾನು ಅವನ ಮಾತಾಡ್ತಿಲ್ಲ." ಅಪ್ಪ ಎಣ್ಣೆಯ ಪಾತ್ರೆ ಕೆಳಗಿಟ್ಟು ಮೊದಲ ಸಲ ಅವಳ ಮುಖ ನೋಡಿದ. ಆತನ ಗಲ್ಲ ಅದುರುತ್ತಿತ್ತು. ಅವಳು ಅಂದುಕೊಂಡಿದ್ದ ದುಃಖ ಅದಲ್ಲ, ಸಿಟ್ಟು. ಅವಳದೇ ಸಿಟ್ಟು, ಅವಳಿಗೆ ಬಳುವಳಿಯಾಗಿ ಬಂದದ್ದರ ಮೂಲ. "ಆ ಟ್ಯಾಕ್ಸಿಯವನದ್ದು ನನ್ನ ತಪ್ಪು, ನೀನು ಬೈದೆ, ನಾನು ಬೈಸಿಕೊಂಡೆ. ಆದರೆ ಅವತ್ತು ಡಬ್ಬಿ ನೋಡದೆ, ಬೋಲ್ಟು ಬಿಚ್ಚದೆ, ಬಂದೋರು ಹೋದೋರ ಮುಂದೆ ನನ್ನ ಕಾಲ ಮುಗೀತು ಅಂದೆ. ಎಂಜಿನ್ನು ಬಿಚ್ಚೋ ಮೊದಲು ಬಾಯಿ ಬಿಚ್ಚಬಾರದು ಅಂತ ನಿನಗೆ ಹೇಳಿಕೊಟ್ಟಿರಲಿಲ್ವಾ ನಾನು? ಅಲ್ಲಿ ಎಲ್ಲರ ಎದುರು ಬೈದು, ಇಲ್ಲಿ ಮೀನಿನ ಎದುರು ತಪ್ಪಾಯ್ತು ಅಂತೀಯ?"

"ಏನು ಮಾಡ್ಲಿ ಹೇಳು."

"ಬೈದ ಜಾಗದಲ್ಲೇ ಹೇಳು."

ಅವಳಿಗೆ ಒಂದು ಕ್ಷಣ ಮೈ ಉರಿಯಿತು. ಮುದುಕನ ಹಟಕ್ಕೆ ಕೊನೆಯೇ ಇಲ್ಲವೇ ಎನಿಸಿತು. ಆದರೆ ಆತ ಹೇಳಿದ್ದರಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಗೇಟಿನವರೆಗೆ ಬಂದು, ಒಳಗೆ ಕಾಲಿಡದೆ ಹೊರಗೇ ನಿಂತ. ವೆಲ್ಡರ್ ಇದ್ದ. ಬಿಡಿಭಾಗದ ಅಂಗಡಿಯವನಂತೂ ಯಾರೂ ಕರೆಯದೆಯೇ ಬಂದು ನಿಂತಿದ್ದ. ಬೇರೆ ಎಂಜಿನ್ ಕೂರಿಸಿದ ಕಾರನ್ನು ಒಯ್ಯಲು ಬಂದ ಡಾಕ್ಟರಮ್ಮನೂ ಇದ್ದರು. ಚಿಕ್ಕ ಮೇಸ್ತ್ರಿ ಕೈ ಒರೆಸಿಕೊಂಡು ಗ್ಯಾರೇಜಿನ ನಡುವೆ ಬಂದಳು.

"ಅವತ್ತು ನಾನು ಅಪ್ಪನಿಗೆ ಅಂದಿದ್ದು ತಪ್ಪು. ಆ ಕಾರು ಅಪ್ಪ ಮುಟ್ಟಿರಲಿಲ್ಲ. ಕೆಟ್ಟ ಎಣ್ಣೆ ತುಂಬಿದ್ದು ನನ್ನ ಕೈ."

"ಕೇಳಿಸ್ತಿಲ್ಲ," ಎಂದ ದೊಡ್ಡ ಮೇಸ್ತ್ರಿ ಗೇಟಿನಿಂದ.

ವೆಲ್ಡರ್ ನಗು ತಡೆಯಲು ಕೆಮ್ಮಿದ.

"ತಪ್ಪಾಯ್ತು ಅಂದೆ!" ಅವಳು ಕಿರುಚಿದ ರಭಸಕ್ಕೆ ರಸ್ತೆಯ ಆಚೆ ಸೈಕಲ್ಲಿನವನು ತಿರುಗಿ ನೋಡಿದ. ಅದು ಕ್ಷಮೆ ಕೇಳಿದಂತಿತ್ತೋ ಮತ್ತೊಮ್ಮೆ ಬೈದಂತಿತ್ತೋ ಹೇಳುವುದು ಕಷ್ಟ. ಆದರೆ ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. ಅದನ್ನು ಅವಳು ಒರೆಸಲೂ ಹೋಗಲಿಲ್ಲ.

ಅಪ್ಪ ಒಳಗೆ ಬಂದ. ಮಗಳ ತಲೆ ಸವರಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಡಾಕ್ಟರಮ್ಮನ ಕಾರಿನ ಬಾನೆಟ್ ತೆಗೆಸಿ ಎಂಜಿನ್ ಸ್ಟಾರ್ಟ್ ಮಾಡಲು ಹೇಳಿ, ಒಂದು ಕಿವಿ ಮುಂದೆ ಮಾಡಿ ಬಹಳ ಹೊತ್ತು ಕೇಳಿದ.

"ಚೈನು ಸದ್ದು ಮಾಡ್ತಿಲ್ಲ," ಎಂದ ಕೊನೆಗೆ, ಇಷ್ಟವಿಲ್ಲದೆಯೇ. "ಈ ಸಲದ ಎಣ್ಣೆ ನೀನೇ ಪರೀಕ್ಷೆ ಮಾಡಿಸಿದ್ಯಾ?"

"ಮಾಡಿಸಿದೆ. ಇನ್ನು ಮೇಲೆ ಯಾರೇ ತಂದುಕೊಡಲಿ, ಲ್ಯಾಬಿಗೆ ಹೋಗದೆ ಒಂದು ಹನಿ ಒಳಗೆ ಬರಲ್ಲ."

"ಸರಿ. ಆದ್ರೂ ಇದು ಎಣ್ಣೆ ಅಂತ ನಾನು ಒಪ್ಪಲ್ಲ."

"ನೀನು ಒಪ್ಪಬೇಕಾಗಿಲ್ಲ. ಮುಟ್ಟದೆ ಇದ್ದರೆ ಸಾಕು."

"ಮುಟ್ಟಲ್ಲ. ನನಗೆ ದೋಣಿಯವರ ಕೆಲಸ ಇದೆ," ಎಂದು ಹೇಳಿ ಆತ ನದಿಯ ಕಡೆಗೆ ಹೊರಟ. ಆದರೆ ಅವತ್ತು ಮನೆಗೆ ಬೇಗ ಬಂದ, ಮಗಳ ಎದುರಿಗೇ ಕೂತು ಊಟ ಮಾಡಿದ, ಸಾರಿಗೆ ಉಪ್ಪು ಸಾಲದು ಎಂದು ರೇಗಿದ. ಅವಳೂ ಸುಮ್ಮನಿರಲಿಲ್ಲ.

ಮಾವ ಒಬ್ಬರ ಕೈಯಲ್ಲಿ ರಾಜಿಯ ಮಾತು ಹೇಳಿ ಕಳಿಸಿದ. ಅವಳು ಗುಣಮಟ್ಟದ ಕಚೇರಿಯಲ್ಲಿ ತನ್ನ ದೂರನ್ನು ಹಿಂತೆಗೆದುಕೊಂಡರೆ ಹಳೆಯದೆಲ್ಲ ಮರೆತು ಒಂದಾಗೋಣ ಎಂದು. ಹೇಳಲು ಬಂದವರು ಇಬ್ಬರಿಗೂ ಬೇಕಾದ ನೆಂಟರು, ಒಳ್ಳೆಯ ಮನುಷ್ಯರು. ಅವರಿಗೆ ಕುರ್ಚಿ ಹಾಕಿ ಕೂರಿಸಿ, ಟೀ ಕೊಟ್ಟು, ಅವರು ಹೇಳಿದ್ದೆಲ್ಲ ಕೇಳಿಸಿಕೊಂಡು ಅವಳು ಆಗಲ್ಲ ಎಂದಳು. ಅವರು ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಆಗಲ್ಲ ಎಂದು, ಖಾಲಿ ಲೋಟಗಳನ್ನು ಎತ್ತಿಕೊಂಡು ಕೆಲಸಕ್ಕೆ ಎದ್ದಳು.